ಏರ್ ಫ್ರೈಯರ್

ಏರ್ ಫ್ರೈಯರ್ ಎಂಬುದು ಬಿಸಿ ಗಾಳಿಯನ್ನು ವೇಗವಾಗಿ ಸುತ್ತಿಸಿ ಆಹಾರವನ್ನು ಬೇಯಿಸುವ ವಿದ್ಯುತ್ ಚಾಲಿತ ಅಡುಗೆ ಉಪಕರಣ. ಹೆಸರು ತುಸು ದಾರಿ ತಪ್ಪಿಸುವಂಥದ್ದು. ಇದರಲ್ಲಿ ಕರಿಯುವ ಕ್ರಿಯೆ ನಡೆಯುವುದಿಲ್ಲ. ರಚನೆಯಲ್ಲಿ ಇದು ಫ್ಯಾನ್ ಅಳವಡಿಸಿದ ಪುಟ್ಟ ಓವನ್. ಸಣ್ಣ ಕುಟುಂಬಗಳು ಬಳಸುವ ಮಾದರಿಗಳ ಬುಟ್ಟಿ ಸಾಮಾನ್ಯವಾಗಿ 2ರಿಂದ 4 ಲೀಟರ್ ಗಾತ್ರದ್ದಾಗಿರುತ್ತದೆ.

ಇತಿಹಾಸ

ವಿಮಾನಗಳಲ್ಲಿ ಶೀತಲೀಕರಿಸಿದ ಊಟವನ್ನು ಬಿಸಿ ಮಾಡಲು ಅಮೆರಿಕದ ವಿಲಿಯಂ ಮ್ಯಾಕ್ಸನ್ 1940ರ ದಶಕದಲ್ಲಿಯೇ ಫ್ಯಾನ್ ಇರುವ ಓವನ್ ರೂಪಿಸಿದ್ದರು. ಇಂದಿನ ಮೇಜಿನ ಮೇಲಿನ ರೂಪವನ್ನು ಫಿಲಿಪ್ಸ್ ಸಂಸ್ಥೆ 2010ರಲ್ಲಿ ಮಾರುಕಟ್ಟೆಗೆ ತಂದಿತು.

ಕಾರ್ಯವಿಧಾನ

ಮೇಲ್ಭಾಗದ ಕಾಯಿಲ್ ಗಾಳಿಯನ್ನು ಸುಮಾರು 200 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತದೆ. ಫ್ಯಾನ್ ಆ ಗಾಳಿಯನ್ನು ರಂಧ್ರಗಳಿರುವ ಬುಟ್ಟಿಯ ಸುತ್ತ ಹಾಯಿಸುತ್ತದೆ. ಆಹಾರದ ಹೊರಮೈಯ ತೇವ ಬೇಗ ಆರಿ, ಬಣ್ಣ ಕೆಂಪಾಗಿ, ಗರಿಗರಿಯಾಗುತ್ತದೆ. ಕಾದ ಎಣ್ಣೆ ಆಹಾರಕ್ಕೆ ಶಾಖವನ್ನು ಗಾಳಿಗಿಂತ ಬಹಳ ಬೇಗ ಮುಟ್ಟಿಸುತ್ತದೆ. ಈ ಒಂದು ವ್ಯತ್ಯಾಸವೇ ಉಪಕರಣದ ಮಿತಿಗಳಿಗೆಲ್ಲ ಮೂಲ.

ಸ್ಥಳೀಯ ಅಡುಗೆಯಲ್ಲಿ ಬಳಕೆ

ಹೊಸದುರ್ಗವೂ ಸೇರಿದಂತೆ ಚಿತ್ರದುರ್ಗ ಜಿಲ್ಲೆಯ ಸಂಜೆಯ ತಿಂಡಿಗಳಲ್ಲಿ ಮಂಡಕ್ಕಿ ಮತ್ತು ಮೆಣಸಿನಕಾಯಿ ಬಜ್ಜಿಗೆ ಮುಖ್ಯ ಸ್ಥಾನವಿದೆ. ಬಜ್ಜಿಯನ್ನು ಏರ್ ಫ್ರೈಯರ್‌ನಲ್ಲಿ ಮಾಡಲು ಹೊರಟವರಿಗೆ ನಿರಾಸೆ ಖಚಿತ. ಕಡಲೆಹಿಟ್ಟಿನ ಕಲಸು ಎಣ್ಣೆಗೆ ಬಿದ್ದ ಕೂಡಲೇ ಗಟ್ಟಿಯಾಗಿ ಉಬ್ಬುತ್ತದೆ. ಗಾಳಿಯಲ್ಲಿ ಅದು ಗಟ್ಟಿಯಾಗುವ ಮೊದಲೇ ರಂಧ್ರಗಳಿಂದ ಕೆಳಗೆ ಸೋರುತ್ತದೆ. ಬೋಂಡಾಗಳಿಗೂ ಇದೇ ತೊಡಕು. ಅಕ್ಕಿ ಸಂಡಿಗೆ ಎಣ್ಣೆಯಲ್ಲಿ ಅರಳುವಂತೆ ಇಲ್ಲಿ ಅರಳುವುದಿಲ್ಲ. ಉದ್ದಿನ ಹಪ್ಪಳವನ್ನು ಸುಡಬಹುದು. ಆದರೆ ಹಗುರವಾದ ಹಪ್ಪಳ ಗಾಳಿಯ ರಭಸಕ್ಕೆ ಹಾರಿ ಕಾಯಿಲ್‌ಗೆ ತಾಗಬಹುದಾದ್ದರಿಂದ ಮೇಲೊಂದು ಜಾಲರಿ ಇಡಬೇಕಾಗುತ್ತದೆ.

ಉಪಕರಣ ನಿಜವಾಗಿ ಒದಗುವುದು ಹುರಿಯುವ ಕೆಲಸಕ್ಕೆ. ಜಿಲ್ಲೆಯ ಮುಖ್ಯ ಬೆಳೆಗಳಲ್ಲೊಂದಾದ ಶೇಂಗಾವನ್ನು (ಎಣ್ಣೆ ಗಿರಣಿಗಳಿಂದ ಚಳ್ಳಕೆರೆ ಹೆಸರಾದದ್ದೂ ಇದೇ ಬೆಳೆಯಿಂದ) 160 ಡಿಗ್ರಿಯ ಆಸುಪಾಸಿನಲ್ಲಿ ಹತ್ತು ಹನ್ನೆರಡು ನಿಮಿಷ, ನಡುವೆ ಒಂದೆರಡು ಸಲ ಅಲುಗಾಡಿಸಿ ಹುರಿದರೆ ಚಟ್ನಿಪುಡಿಗೆ ಹದವಾಗುತ್ತದೆ. ಬಾಣಲೆಯ ಮುಂದೆ ನಿಂತು ಕೈಯಾಡಿಸುತ್ತಲೇ ಇರಬೇಕಾಗಿಲ್ಲ. ಬದನೆಕಾಯಿ, ಬೆಂಡೆಕಾಯಿ, ಆಲೂಗಡ್ಡೆ ಹೋಳುಗಳಿಗೆ ಒಂದೆರಡು ಚಮಚ ಎಣ್ಣೆ ಸವರಿದರೆ ಸಾಕು. ಬುಟ್ಟಿಯನ್ನು ತುಂಬಿಬಿಟ್ಟರೆ ಗಾಳಿ ಹಾಯದೆ ತರಕಾರಿ ಹುರಿಯುವ ಬದಲು ಹಬೆಯಲ್ಲಿ ಬೆಂದು ಮೆತ್ತಗಾಗುತ್ತದೆ. ಹೀಗಾಗಿ ಐದಾರು ಜನರಿರುವ ಮನೆಯಲ್ಲಿ ಎರಡು ಮೂರು ಸರದಿ ಅನಿವಾರ್ಯ. ಅಷ್ಟರಲ್ಲಿ ಗ್ಯಾಸ್ ಒಲೆಯ ಮೇಲೆ ಕೆಲಸ ಮುಗಿದಿರುತ್ತದೆ.

ವಿದ್ಯುತ್ ಮತ್ತು ಸುರಕ್ಷತೆ

ಸಣ್ಣ ಮಾದರಿಗಳು ಹೆಚ್ಚಾಗಿ 800ರಿಂದ 1500 ವ್ಯಾಟ್ ವಿದ್ಯುತ್ ಎಳೆಯುತ್ತವೆ. ಮನೆಗಳ ಸಾಮಾನ್ಯ 6 ಆಂಪಿಯರ್ ಸಾಕೆಟ್ 230 ವೋಲ್ಟ್‌ನಲ್ಲಿ ಸುಮಾರು 1380 ವ್ಯಾಟ್‌ ಮಾತ್ರ ತಾಳಬಲ್ಲದು. ಹಳೆಯ ವೈರಿಂಗ್ ಇರುವ ಅಡುಗೆಮನೆಯಲ್ಲಿ ಮಿಕ್ಸರ್‌ಗೆಂದು ಹಾಕಿಸಿದ ಸಾಕೆಟ್‌ಗೆ ಇದನ್ನು ಜೋಡಿಸಿದರೆ, ಅಥವಾ ಎಕ್ಸ್‌ಟೆನ್ಷನ್ ಬಾಕ್ಸ್ ಬಳಸಿದರೆ, ತಂತಿ ಕಾದು ಅಪಾಯವಾಗಬಹುದು. 16 ಆಂಪಿಯರ್‌ನ ಪವರ್ ಪ್ಲಗ್ ಸುರಕ್ಷಿತ.

1400 ವ್ಯಾಟ್‌ನ ಉಪಕರಣವನ್ನು ದಿನಕ್ಕೆ 20 ನಿಮಿಷ ಬಳಸಿದರೆ ತಿಂಗಳಿಗೆ ಹೆಚ್ಚೆಂದರೆ 14 ಯೂನಿಟ್ ಖರ್ಚಾಗುತ್ತದೆ. ಬೆಸ್ಕಾಂ ವ್ಯಾಪ್ತಿಯ ಈ ಜಿಲ್ಲೆಯಲ್ಲಿ 2023ರಿಂದ ಗೃಹಜ್ಯೋತಿ ಯೋಜನೆ ಜಾರಿಯಲ್ಲಿದೆ. ಆದರೆ ಪ್ರತಿ ಮನೆಯ ಉಚಿತ ಮಿತಿ ಅದರ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ನಿಗದಿಯಾಗಿರುವುದರಿಂದ, ಹೊಸ ಉಪಕರಣ ಸೇರಿದಾಗ ಮಿತಿ ಮೀರಿದ ಯೂನಿಟ್‌ಗಳಿಗೆ ಶುಲ್ಕ ಬರಬಹುದು. ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನೇ ಕಟ್ಟಬೇಕಾಗುತ್ತದೆ.

ಬಿಸಿ ಗಾಳಿ ಹಿಂಬದಿಯಿಂದ ಹೊರಬರುವುದರಿಂದ ಗೋಡೆಯಿಂದ ಒಂದು ಗೇಣು ದೂರದಲ್ಲಿಡುವುದು ವಾಡಿಕೆ. ಸ್ಥಳ ಸಾಲದೆಂದು ಉಪಕರಣವನ್ನು ಗ್ಯಾಸ್ ಒಲೆಯ ಮೇಲಿಡುವುದು ಅಪಾಯಕಾರಿ.

ಆರೋಗ್ಯ

ಎಣ್ಣೆಯ ಪ್ರಮಾಣ ಗಣನೀಯವಾಗಿ ತಗ್ಗುತ್ತದೆಂಬುದು ನಿಜ. ಆದರೆ ಆಲೂಗಡ್ಡೆಯಂಥ ಪಿಷ್ಟಯುಕ್ತ ಪದಾರ್ಥಗಳನ್ನು ಹೆಚ್ಚು ಶಾಖದಲ್ಲಿ ಕಂದುಬಣ್ಣಕ್ಕೆ ತಿರುಗಿಸಿದಾಗ ಹುಟ್ಟುವ ಅಕ್ರಿಲಮೈಡ್ ಎಂಬ ರಾಸಾಯನಿಕ ಇದರಲ್ಲಿಯೂ ಉಂಟಾಗುತ್ತದೆ. 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಆಹಾರದಲ್ಲಿ ಇದರ ಇರುವಿಕೆಯನ್ನು ಪ್ರಕಟಿಸಿದ್ದರು. ಹೋಳುಗಳನ್ನು ಮೊದಲು ನೀರಿನಲ್ಲಿ ನೆನೆಸಿ ಒರೆಸುವುದರಿಂದ, ಹೊಂಬಣ್ಣಕ್ಕೆ ಬಂದೊಡನೆ ತೆಗೆಯುವುದರಿಂದ ಅದನ್ನು ತಗ್ಗಿಸಬಹುದು.

ನಿರ್ವಹಣೆ

ಬುಟ್ಟಿಯ ನಾನ್‌ಸ್ಟಿಕ್ ಲೇಪನಕ್ಕೆ ಸ್ಟೀಲ್ ಉಜ್ಜುಗ ತಾಗಿಸಬಾರದು. ಕಾಯಿಲ್ ಮೇಲೆ ಸಿಡಿದ ಜಿಡ್ಡು ಮುಂದಿನ ಬಳಕೆಯಲ್ಲಿ ಹೊಗೆಯಾಗುವುದರಿಂದ, ಪ್ಲಗ್ ತೆಗೆದು ಆರಿದ ಬಳಿಕ ಒದ್ದೆ ಬಟ್ಟೆಯಿಂದ ಒರೆಸಬೇಕು.