ಗಾಳಿ ಸೋಕಿದ ಮಾತು

"ಅವ್ನಿಗೆ ಮುದುಕಿ ಗಾಳಿ ಹಿಡ್ಕೊಂಡೈತೆ ಕಣ್ಲಾ, ಅದ್ಕೇ ಅಂಗ್ ಓಡ್ತಾನೆ."

ಕುಣಿಗಲ್ಲಿನಿಂದ ಅಮೃತೂರಿಗೆ ಹೋಗುವ ಬಸ್ಸಿನಲ್ಲಿ ಈ ಮಾತು ಕಿವಿಗೆ ಬಿತ್ತು. ಯಾರದೋ ಮನೆಯ ಸಂಕಟ ಇರಬೇಕೆಂದುಕೊಂಡೆ. ಮಾತಾಡುತ್ತಿದ್ದವರು ಮುಂದಿನ ಸೀಟಿನ ಇಬ್ಬರು ಕಾಲೇಜು ಹುಡುಗರು, ತೊಡೆಯ ಮೇಲೆ ಒಂದು ಇಂಗ್ಲಿಷ್ ಪುಸ್ತಕ. ಗಾಳಿ ಹಿಡಿದಿದ್ದದ್ದು ಒಕಾರುನ್ ಎಂಬ ಜಪಾನಿ ಹುಡುಗನಿಗೆ. ಯುಕಿನೊಬು ತತ್ಸು ಬರೆದು ಬಿಡಿಸುತ್ತಿರುವ, 2021ರಲ್ಲಿ ಶುರುವಾದ 'ದಂದದನ್' ಎಂಬ ಮಾಂಗಾ, ಅಂದರೆ ಜಪಾನಿ ಚಿತ್ರಕಥೆ, ಅದು. ದೆವ್ವವನ್ನು ನಂಬುವ, ಅನ್ಯಗ್ರಹದವರನ್ನು ನಂಬದ ಒಬ್ಬ ಹುಡುಗಿ. ಅನ್ಯಗ್ರಹದವರನ್ನು ನಂಬುವ, ದೆವ್ವವನ್ನು ನಂಬದ ಒಬ್ಬ ಹುಡುಗ. ಪಂದ್ಯ ಕಟ್ಟಿ ಅವನು ಒಂದು ಸುರಂಗಕ್ಕೆ ಹೋಗುತ್ತಾನೆ. ಅಲ್ಲಿ ಟರ್ಬೊ ಅಜ್ಜಿ ಎಂಬ, ಓಡುವ ವಾಹನಗಳನ್ನೇ ಹಿಂದೆ ಹಾಕುವ ಮುದುಕಿಯ ಗಾಳಿ ಅವನಿಗೆ ಮೆಟ್ಟಿಕೊಳ್ಳುತ್ತದೆ. ಆಮೇಲಿಂದ ಅವನ ಕಾಲಿಗೂ ಅದೇ ವೇಗ.

ಈ ಹುಡುಗರು ತಮ್ಮ ಕಾಲೇಜಿನ ಗೋಡೆಪತ್ರಿಕೆಗೆ ಆ ಪುಸ್ತಕದ ಮೇಲೆ ಒಬ್ಬೊಬ್ಬರು ಒಂದೊಂದು ವಿಮರ್ಶೆ ಬರೆಯಬೇಕಿತ್ತಂತೆ. ಒಬ್ಬನಿಗೆ ಹೊಡೆದಾಟವೇ ಕಥೆಯ ಜೀವ. ನಡುನಡುವೆ ದೆವ್ವಗಳ ಅಳು ಯಾಕೆ ಎಂಬುದು ಅವನ ತಕರಾರು. "ದೆವ್ವ ಬಂದ್ರೆ ಒಡೀಬೇಕು, ಮುಂದಕ್ ಓಗ್ಬೇಕು, ಅಷ್ಟೆ." ಇನ್ನೊಬ್ಬನಿಗೆ ಆ ಅಳುವೇ ಕಥೆ. ಅಕ್ರೊಬ್ಯಾಟಿಕ್ ಸಿಲ್ಕಿ ಎಂಬ ಉದ್ದ ಕೂದಲಿನ ಹೆಣ್ಣಿನ ಅಧ್ಯಾಯವನ್ನು ತೆಗೆದುಬಿಟ್ಟರೆ ಉಳಿದವರೆಲ್ಲ ಹೊಲದ ಬೆರ್ಚಪ್ಪಗಳು ಅಂತ ಅವನ ವಾದ. ಸಾಲದವರು ಮಗಳನ್ನು ಕಿತ್ತುಕೊಂಡು ಹೋದ ಮೇಲೆ ಪ್ರಾಣ ಬಿಟ್ಟ ಬಡ ತಾಯಿ ಆಕೆ. ಸತ್ತ ಮೇಲೂ ಬೇರೆಯವರ ಮಗುವನ್ನು ತನ್ನದೆಂದು ತಿಳಿದು ಬೆನ್ನು ಹತ್ತುತ್ತಾಳೆ.

ಇಬ್ಬರ ಜಗಳಕ್ಕಿಂತ ಇಬ್ಬರ ಪದ ನನ್ನನ್ನು ಹಿಡಿದು ನಿಲ್ಲಿಸಿತು. ಹೊಡೆದಾಟದವನು ಮೊದಲಿಂದ ಕೊನೆವರೆಗೂ 'ದೆವ್ವ' ಅಂದ. ಅಳುವಿನವನು ಒಂದು ಸಲವೂ ದೆವ್ವ ಅನ್ನಲಿಲ್ಲ, 'ಗಾಳಿ' ಅಂದ. ಯೋಚಿಸಿ ಆರಿಸಿಕೊಂಡ ಪದಗಳಲ್ಲ, ಬಾಯಿಗೆ ಬಂದವು. ಅವರವರ ವಿಮರ್ಶೆಯನ್ನು ಅವರವರ ಪದವೇ ಬರೆಸುತ್ತಿದೆ ಅನ್ನಿಸಿತು ನನಗೆ.

ದೆವ್ವಕ್ಕೂ ದೇವರಿಗೂ ಇರುವ ನಂಟನ್ನು ಬಲ್ಲವರು ಸಾಕಷ್ಟು ಬರೆದಿದ್ದಾರೆ, ಅದು ಬೇಡ. ಗಾಳಿಯ ಕಡೆ ಬರೋಣ. ದೆವ್ವಕ್ಕೆ ನಮ್ಮ ಮಾತಿನಲ್ಲಿ ಮಾಡಲು ಹೆಚ್ಚು ಕೆಲಸವಿಲ್ಲ: ಹಿಡಿಯುತ್ತದೆ, ಮೆಟ್ಟುತ್ತದೆ, ಹೆದರಿಸುತ್ತದೆ. ಅದಕ್ಕೆ ಕಾಲಿದೆ, ಅದು ತಿರುಗುಮುರುಗಾಗಿದೆ. ಅದು ಬಾಗಿಲು ತಟ್ಟುತ್ತದೆ. ತೊಂಬತ್ತರ ದಶಕದಲ್ಲಿ ಮನೆಮನೆಯ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದು ಓಡಿಸಿದ್ದು ದೆವ್ವವನ್ನೇ, ಗಾಳಿಯನ್ನಲ್ಲ. ಗಾಳಿ ಬಾಗಿಲು ತಟ್ಟುವುದಿಲ್ಲ. ಅದು ಬೀಸುತ್ತದೆ, ಏಳುತ್ತದೆ, ಬೀಳುತ್ತದೆ, ತಿರುಗುತ್ತದೆ, ಸೋಕುತ್ತದೆ, ಹಿಡಿಯುತ್ತದೆ, ಬಿಡುತ್ತದೆ. ಇದರಲ್ಲಿ 'ಸೋಕು' ಎಂಬುದೇ ನನ್ನ ವಾದದ ಬೇರು. ಮುಟ್ಟುವುದಕ್ಕಿಂತ ಹಗುರ, ತಾಗುವುದಕ್ಕಿಂತ ಮೆಲ್ಲಗೆ. ದೆವ್ವ ಸೋಕಿತು ಎಂದು ನಮ್ಮ ಕಡೆ ಯಾರೂ ಹೇಳಿದ್ದು ಕೇಳಿಲ್ಲ.

ಹೆಸರೆತ್ತಲು ಅಂಜಿ ಗಾಳಿ ಎಂದರು, ಅಷ್ಟೇ ಇದರ ಗುಟ್ಟು ಎನ್ನುವವರಿದ್ದಾರೆ. ಆ ಚಾಳಿ ನಮಗಿದೆ, ನಿಜ. ಹಾವು ಕಚ್ಚಿದರೆ 'ಹುಳ ಮುಟ್ಟಿತು' ಅನ್ನುತ್ತೇವೆ. ಸಿಡುಬು 'ಅಮ್ಮ' ಆಯಿತು. ದೀಪ ಆರಿಸು ಎನ್ನದೆ 'ದೊಡ್ಡದು ಮಾಡು' ಅನ್ನುತ್ತೇವೆ. ಹೊರಟು ನಿಂತವರು 'ಬರ್ತೀನಿ' ಅನ್ನುತ್ತಾರೆ. ಆದರೆ ಅಂಜಿಕೆಯೊಂದೇ ಕಾರಣವಾಗಿದ್ದರೆ ಹೊಗೆ ಅನ್ನಬಹುದಿತ್ತು, ನೆರಳು ಅನ್ನಬಹುದಿತ್ತು. ಗಾಳಿಯೇ ಯಾಕೆ? ನನ್ನ ಉತ್ತರ: ಈ ಅರ್ಥ ಹುಟ್ಟಿದ್ದು ಮಸಣದಲ್ಲಿ ಅಲ್ಲ, ಹುಣಸೆಮರದ ಕೆಳಗೂ ಅಲ್ಲ. ರಾಗಿ ಕಣದಲ್ಲಿ.

ಅದಕ್ಕೆ ನನಗೆ ಸಾಕ್ಷಿ 'ಗಾಳಿ ಬಂದಾಗ ತೂರಿಕೋ' ಎಂಬ ಗಾದೆ. ಇವತ್ತು ಅದನ್ನು ಆಡುವವರಲ್ಲಿ ಬಹಳ ಜನ ಕಣ ಕಂಡವರಲ್ಲ. ಪಕ್ಷ ಬಿಟ್ಟು ಪಕ್ಷಕ್ಕೆ ಹಾರಿದವರ ಮೇಲೆ ಬರೆಯುವಾಗ ಪತ್ರಿಕೆಗಳು ಇದನ್ನು ತಲೆಬರಹ ಮಾಡುತ್ತವೆ, 'ಗಾಳಿ ಬಂದ ಕಡೆ ತೂರಿಕೊಳ್ಳುವವರು' ಎಂದು ತಿರುಚುತ್ತವೆ. ಬೆವರು ಸುರಿಸಿ ಬೆಳೆದವನ ಗಾದೆಯನ್ನು ಹೀಗೆ ಸಮಯಸಾಧಕರ ಪಾಲು ಮಾಡಿದ್ದು ನನಗೆ ಸಂಕಟದ ವಿಷಯ. ಆ ಗಾದೆಯ ಹಿಂದೆ ಎಷ್ಟೊಂದು ಕಾಯುವಿಕೆ ಇದೆ! ರಾಗಿ ಕೊಯ್ದು, ಅರಿ ಕಟ್ಟಿ, ಗುಪ್ಪೆ ಹಾಕಿ, ಮೆದೆ ಒಟ್ಟಿ, ಸಂಕ್ರಾಂತಿಯ ಆಚೀಚೆ ಕಣ ಮಾಡುತ್ತಿದ್ದರು. ನೆಲ ಕೆತ್ತಿ, ನೀರು ಚಿಮುಕಿಸಿ, ಗಟ್ಟಿಸಿ, ಸಗಣಿ ಬಗ್ಗಡದಲ್ಲಿ ಸಾರಿಸಬೇಕು. ಮೆದೆ ಕೆಡವಿ, ತೆನೆ ಹರಡಿ, ಎತ್ತು ಕಟ್ಟಿ ಗುಂಡು ಉರುಳಿಸಬೇಕು. ಹುಲ್ಲು ಉದುರಿಸಿ ತೆಗೆದ ಮೇಲೆ ಕಾಳು ಹೊಟ್ಟು ಎರಡೂ ಬೆರೆತ ರಾಶಿ ಉಳಿಯುತ್ತದೆ. ಅದರ ನೆತ್ತಿಯ ಮೇಲೆ ಸಗಣಿಯ ಬೆನಕ, ಬೆನಕನ ತಲೆಗೆ ಗರಿಕೆ. ಇಲ್ಲಿಯತನಕ ಎಲ್ಲವೂ ಮನುಷ್ಯನ ಕೈಯಲ್ಲಿದೆ. ಇದರ ಮುಂದಿನದು ಅವನ ಕೈಯಲ್ಲಿಲ್ಲ. ಗಾಳಿ ಬರಬೇಕು.

ಹಗಲೆಲ್ಲ ಎಲೆ ಅಲ್ಲಾಡದ ದಿನಗಳಿರುತ್ತಿದ್ದವು. ಮೊರ ಹಿಡಿದು ಎತ್ತರದಲ್ಲಿ ನಿಂತವರು ನಾಲ್ಕು ಮೊರ ತೂರುವಷ್ಟರಲ್ಲಿ "ಗಾಳಿ ಬಿದ್ದೋಯ್ತು" ಎಂದು ಇಳಿದುಬಿಡುತ್ತಿದ್ದರು. ರಾಶಿಯನ್ನು ಬಿಟ್ಟು ಮನೆಗೆ ಹೋಗುವಂತಿಲ್ಲ, ಕಾಯಬೇಕು. ಕಂಬಳಿ ಹೊದ್ದು ಕಣದಲ್ಲೇ ಮಲಗುತ್ತಿದ್ದರು, ಮಕ್ಕಳಾದ ನಾವೂ ಹಟ ಮಾಡಿ ಹೋಗುತ್ತಿದ್ದೆವು. ನಡುರಾತ್ರಿಯೋ ಬೆಳಗಿನ ಜಾವವೋ ಯಾರೋ ಒಬ್ಬರ ಕೆನ್ನೆಗೆ ತಣ್ಣಗೆ ಸೋಕಿದ ಕೂಡಲೇ "ಗಾಳಿ ಬಂತು, ಏಳ್ರಪ್ಪೋ" ಎಂಬ ಕೂಗು. ಆ ಕೂಗಿಗೆ ಎಲ್ಲರೂ ಧಡಕ್ಕನೆ ಎದ್ದು ಮೊರ ಹಿಡಿಯುತ್ತಿದ್ದರು. ಕಾಳು ನೆಟ್ಟಗೆ ಬೀಳುತ್ತಿತ್ತು, ಹೊಟ್ಟು ದೂರ ಹೋಗುತ್ತಿತ್ತು. ಅಳೆಯುವಾಗ ಮೊದಲ ಕೊಳಗಕ್ಕೆ 'ಒಂದು' ಅನ್ನುವಂತಿಲ್ಲ, 'ಲಾಭ' ಅನ್ನಬೇಕು. ಹಾಗೆ ಮಾತಿಗೆ ಮಡಿ ಇದ್ದ ಜಾಗ ಕಣ. ಬೆಳಗ್ಗೆ ಮಕ್ಕಳಲ್ಲಿ ಒಂದಕ್ಕೆ ಮೈ ಸುಡುತ್ತಿದ್ದರೆ ನಮ್ಮಜ್ಜಿ ಹಣೆ ಮುಟ್ಟಿ ನೋಡಿ, "ಕಣದಾಗೆ ಮಲಗಿತ್ತು ಮಗ, ಗಾಳಿ ಸೋಕೈತೆ" ಎನ್ನುತ್ತಿದ್ದಳು. ಆ ಮಾತಿನಲ್ಲಿ ತಂಡಿಯೆಷ್ಟು, ಮತ್ತೊಂದೆಷ್ಟು ಎಂದು ಬಿಡಿಸಿ ಹೇಳಲು ಆಗುತ್ತಿರಲಿಲ್ಲ. ಅದೇ ಆ ಪದ ಎರಡು ಅರ್ಥಕ್ಕೆ ಕವಲೊಡೆದ ಜಾಗ ಎಂದು ನಾನು ನಂಬಿದ್ದೇನೆ. ಕಾದರೂ ಬಾರದ್ದು, ಕರೆಯದಿದ್ದರೂ ಬರುವುದು, ಬಂದದ್ದು ಕೆನ್ನೆಗಷ್ಟೇ ಗೊತ್ತಾಗುವುದು, ಅನ್ನ ಕೊಡುವುದು, ಅದೇ ರಾತ್ರಿ ಮಗುವಿಗೆ ಜ್ವರ ತರುವುದು. ಇದಕ್ಕಿಂತ ಹೆಚ್ಚಿನ ಲಕ್ಷಣ ಯಾವ ಅಗೋಚರಕ್ಕೆ ಬೇಕು?

ತೆಲುಗರಿಗೂ ಗಾಲಿ ಸೋಕುತ್ತದೆ, ತಮಿಳರಿಗೂ 'ಕಾತ್ತು ಕರುಪ್ಪು' ಇದೆಯಲ್ಲ ಎಂದು ಯಾರಾದರೂ ಕೇಳಿಯಾರು. ಇದೆ. ಅವರಿಗೂ ಕಣವಿದೆ: ಒಬ್ಬರಿಗೆ ಕಳ್ಳಂ, ಒಬ್ಬರಿಗೆ ಕಳಂ. ನನ್ನ ವಾದಕ್ಕೆ ಅದರಿಂದ ಬಲವೇ ಬಂತು.

ಇನ್ನು ಜಪಾನ್. ಅಲ್ಲಿ ಗಾಳಿಗೆ 'ಕಝೆ' ಅನ್ನುತ್ತಾರೆ. ನೆಗಡಿ ಜ್ವರಕ್ಕೂ 'ಕಝೆ' ಎಂದೇ ಹೆಸರು. ಉಚ್ಚಾರ ಒಂದೇ, ಆದರೆ ಬರೆಯುವಾಗ ಗಾಳಿಯ ಅಕ್ಷರದ ಪಕ್ಕ ಕೇಡಿನ ಅಕ್ಷರ ಇಡುತ್ತಾರೆ. ನಮ್ಮಜ್ಜಿಯ ಮಾತನ್ನು ಎರಡು ಅಕ್ಷರದಲ್ಲಿ ಬರೆದಿಟ್ಟಂತಿದೆ. 1274ರಲ್ಲಿ, ಮತ್ತೆ 1281ರಲ್ಲಿ ಮಂಗೋಲರ ಹಡಗುಗಳನ್ನು ಚೆದುರಿಸಿದ ಬಿರುಗಾಳಿ ಅವರಿಗೆ 'ಕಾಮಿಕಝೆ', ದೇವರ ಗಾಳಿ. ಕೊಯ್ಲಿನ ಜನರಿಗೆ ತೀರ ಹತ್ತಿರದ್ದು 'ಕಮೈತಾಚಿ'. 'ಕಮಾ' ಎಂದರೆ ಕುಡುಗೋಲು, 'ಇತಾಚಿ' ಎಂದರೆ ಮುಂಗುಸಿಯನ್ನು ಹೋಲುವ ಒಂದು ಸಣ್ಣ ಪ್ರಾಣಿ. ಸುಂಟರಗಾಳಿಯ ಒಳಗೆ ಕೂತು ಬಂದು ಕಾಲನ್ನು ಕೊಯ್ದು ಹೋಗುತ್ತದೆ. ಗಾಯ ಕಾಣುತ್ತದೆ, ನೋವಿಲ್ಲ. ತೊರಿಯಾಮಾ ಸೆಕಿಯೆನ್ ಎಂಬ ಚಿತ್ರಕಾರ 1776ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಯೋಕೈ ಎಂಬ ಜಪಾನಿನ ಅಗೋಚರ ಜೀವಿಗಳನ್ನು ಒಂದೊಂದಾಗಿ ಬಿಡಿಸಿಟ್ಟಾಗ ಇದನ್ನೂ ಬಿಡಿಸಿದ. ಯುದ್ಧದಲ್ಲಿ ಎಡಗೈ ಕಳೆದುಕೊಂಡ ಶಿಗೆರು ಮಿಝುಕಿ ಒಂದೇ ಕೈಯಲ್ಲಿ ಆ ಯೋಕೈಗಳನ್ನು ಮಾಂಗಾಕ್ಕೆ ತಂದು ಮನೆಮಾತು ಮಾಡಿದ. ಅದಕ್ಕೂ ಹಿಂದೆ, ಸಾವಿರ ವರ್ಷದ ಕೆಳಗೆ, ಮುರಸಾಕಿ ಬರೆದ 'ಗೆಂಜಿ' ಕಥೆಯಲ್ಲಿ ರೊಕುಜೊ ಎಂಬ ಹೆಣ್ಣು ಬದುಕಿರುವಾಗಲೇ ಅವಳ ಹೊಟ್ಟೆಕಿಚ್ಚು ಮೈಬಿಟ್ಟು ಹೋಗಿ ಸವತಿಯ ಮಂಚದ ಬಳಿ ನಿಲ್ಲುತ್ತದೆ. ಅದನ್ನು ದೆವ್ವ ಎನ್ನಲು ಬರುತ್ತದೆಯೇ? ಅವಳಿನ್ನೂ ಸತ್ತಿಲ್ಲ. ಗಾಳಿ ಎಂದರೆ ಸರಿಹೋಗುತ್ತದೆ.

ಯೋಕೈಯನ್ನು 'ಭೂತ' ಅನ್ನೋಣವೆಂದರೆ ಮಂಗಳೂರು ಕಾಸರಗೋಡಿನವರು ಒಪ್ಪುವುದಿಲ್ಲ, ಒಪ್ಪಲೂಬಾರದು. ಅವರಿಗೆ ಭೂತ ಕೋಲ ಕಟ್ಟಿ, ಅಕ್ಕಿ ಹಾಕಿ, ತಲೆಬಾಗಿ ನ್ಯಾಯ ಕೇಳುವ ಶಕ್ತಿ. ಟೀವಿಯವರು 'ಪ್ರೇತಾತ್ಮ' ಎನ್ನುತ್ತಾರೆ. ಹಳ್ಳಿಯ ಬಾಯಲ್ಲಿ ಆ ಪದ ಹುಟ್ಟುವುದೇ ಇಲ್ಲ. ಇತ್ತೀಚೆಗೆ ಹೊಸದೊಂದು ಬಂದಿದೆ: 'ನೆಗೆಟಿವ್ ಎನರ್ಜಿ'. ಮನೆ ಕಟ್ಟಿಸಿದವರು, ಅಂಗಡಿ ಇಟ್ಟವರು, ಮದುವೆ ಮುರಿದವರು ಎಲ್ಲರೂ ಅದನ್ನೇ ಹೇಳುತ್ತಾರೆ. 'ಜುಜುತ್ಸು ಕೈಸೆನ್' ಎಂಬ ಮಾಂಗಾದಲ್ಲಿ ಮನುಷ್ಯರ ಕೆಟ್ಟ ಭಾವನೆಗಳಿಂದ ಶಾಪಗಳು ಹುಟ್ಟುತ್ತವೆ ಎಂಬ ಪೂರ್ತಿ ಲೆಕ್ಕಾಚಾರವೇ ಇದೆ, ಅಲ್ಲಿ ಆ ಮಾತಿಗೆ ಅರ್ಥವೂ ಇದೆ. ನಮ್ಮವರ ಬಾಯಲ್ಲಿ ಅದು ಕರೆಂಟ್ ಬಿಲ್ಲಿನ ಮಾತಾಗಿ ಕೇಳುತ್ತದೆ. ಗಾಳಿ ಎಂಬುದರಲ್ಲಿ ಊರಿತ್ತು, ಹೊತ್ತಿತ್ತು, ಯಾವ ಹಾದಿಯಲ್ಲಿ ಬಂದಾಗ ಸೋಕಿತು ಎಂಬ ವಿವರವಿತ್ತು.

ಒಂದು ಮಾತು ಸ್ಪಷ್ಟವಾಗಿರಲಿ. ಪದ ಉಳಿಯಲಿ ಎನ್ನುವವನು ನಾನು, ಅದರ ಹೆಸರಲ್ಲಿ ನಡೆಯುತ್ತಿದ್ದ ಬೇವಿನ ಬರಲಿನ ಪೆಟ್ಟು ಉಳಿಯಲಿ ಎನ್ನುವವನಲ್ಲ. ಗಾಳಿ ಬಿಡಿಸುತ್ತೇವೆಂದು ಹೆಣ್ಣುಮಕ್ಕಳನ್ನು ಹೊಡೆದದ್ದನ್ನು ಕಂಡವರು ಇನ್ನೂ ಬದುಕಿದ್ದಾರೆ. 2017ರಲ್ಲಿ ನಮ್ಮ ಶಾಸನಸಭೆ ಒಪ್ಪಿದ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂತು, ಅಂಥ ಹೊಡೆತ ಈಗ ಅಪರಾಧ. ಜ್ವರ ಬಂದ ಮಗು ಆಸ್ಪತ್ರೆಗೆ ಹೋಗಬೇಕು. ನಮ್ಮಜ್ಜಿಯೂ ಗಾಳಿ ಸೋಕೈತೆ ಎಂದು ನಿವಾಳಿಸಿದ ಮೇಲೆ ಡಾಕ್ಟರ ಹತ್ತಿರವೇ ಕಳಿಸುತ್ತಿದ್ದಳು.

ಹುಡುಗರ ವ್ಯಾಜ್ಯದಲ್ಲಿ ನಾನು ಯಾರ ಕಡೆ ಎಂದು ಕೇಳಿದರೆ, ಗಾಳಿ ಎಂದವನ ಕಡೆ. ಕಾರಣ 'ಬಿಡಿಸು' ಎಂಬ ಕ್ರಿಯಾಪದ. ದೆವ್ವವನ್ನು ಓಡಿಸುತ್ತಾರೆ, ಹೊಡೆಯುತ್ತಾರೆ. ಗಾಳಿಯನ್ನು ಹೊಡೆದರೆ ಏನಾಗುತ್ತದೆ ಎಂಬುದನ್ನು 'ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ' ಎಂಬ ಇನ್ನೊಂದು ಗಾದೆ ಹೇಳಿದೆ. ಗಾಳಿಯನ್ನು ಬಿಡಿಸಬೇಕು, ಬಿಡಿಸಬೇಕಾದರೆ ಮೊದಲು 'ನೀನ್ಯಾರು, ಎಲ್ಲಿಂದ ಬಂದೆ, ಏನು ಬೇಕು' ಎಂದು ಕೇಳಬೇಕು. ನಮ್ಮ ಕಡೆ ನಿವಾಳಿಸುವ ಮುದುಕಿಯರು ಮೊದಲು ಕೇಳುತ್ತಿದ್ದದ್ದು ಇದನ್ನೇ. 'ದಂದದನ್' ಮಾಡುವುದೂ ಇದನ್ನೇ. ಟರ್ಬೊ ಅಜ್ಜಿ ಬರೀ ಓಡುವ ಮುದುಕಿಯಲ್ಲ. ಆ ಜಾಗದಲ್ಲಿ ಘೋರವಾಗಿ ಸತ್ತ ಹೆಣ್ಣುಮಕ್ಕಳ ಆತ್ಮಗಳಿಗೆ ಸಮಾಧಾನ ಹೇಳುತ್ತಿದ್ದವಳು ಎಂಬುದು ಆಮೇಲೆ ತಿಳಿಯುತ್ತದೆ. ಅವಳು ಕಡೆಗೆ ಸೇರುವುದು ಅಂಗಡಿ ಗಲ್ಲದ ಮೇಲೆ ಕೈಯಾಡಿಸುತ್ತ ಕೂರುವ ಬೆಕ್ಕಿನ ಗೊಂಬೆಯೊಳಗೆ. ನಮ್ಮವರು ನಿಂಬೆಹಣ್ಣಿಗೋ ಮರಕ್ಕೋ ಗಾಳಿಯನ್ನು ಇಳಿಸಿ ಕಟ್ಟುತ್ತಿದ್ದ ವಿದ್ಯೆಯೇ. ಸಿಲ್ಕಿಯ ಕಥೆಯೂ ಹಾಗೆ: ಹೊಡೆದಾಟದಲ್ಲಿ ಅವಳು ಸೋತಾಗ ಕಥೆ ಮುಗಿಯುವುದಿಲ್ಲ. ಅವಳು ಮಗಳೆಂದು ಬೆನ್ನು ಹತ್ತಿದ ಆ ಹುಡುಗಿಯೇ ಅವಳನ್ನು ಅಮ್ಮನೆಂದು ಕರೆದು ಅಪ್ಪಿಕೊಂಡಾಗ ಮುಗಿಯುತ್ತದೆ. ಕನ್ನಡದಲ್ಲಿ ಅದಕ್ಕೆ ಎರಡೇ ಪದ ಸಾಕು: ಗಾಳಿ ಬಿಟ್ಟಿತು.

ಇಂಥ ಕಥೆಗಳು ಜಪಾನಿನಿಂದ ಬಂದು ಹಿಂದಿ, ತಮಿಳು, ತೆಲುಗಿನ ಮಾತು ಕಲಿತು ಕೂತಿವೆ. ಕನ್ನಡಕ್ಕೂ ಯಾರಾದರೂ ತರುವವರಿದ್ದರೆ ದಯವಿಟ್ಟು ಪದಕೋಶದಲ್ಲಿ 'ಪಿಶಾಚಿ' ಹುಡುಕಬೇಡಿ. ಅಮೃತೂರಿನ ಬಸ್ಸಿನಲ್ಲಿ ಅನುವಾದ ಆಗಲೇ ನಡೆದಿದೆ. ಆದರೆ ಬೇಗ ಮಾಡಿ. ಕಣ ಈಗ ಟಾರು ರಸ್ತೆಗೆ ಬಂದಿದೆ, ರಾಗಿಯ ಮೇಲೆ ಲಾರಿ ಹರಿಯುತ್ತದೆ, ತೂರುವ ಕೆಲಸವನ್ನು ಯಂತ್ರ ಮಾಡುತ್ತದೆ. ಗಾಳಿಗಾಗಿ ಯಾರೂ ರಾತ್ರಿ ಎಚ್ಚರವಿರುವುದಿಲ್ಲ.

ಓದುಗರಲ್ಲಿ ಒಂದು ಬಿನ್ನಹ. ಶಿವರಾತ್ರಿ ಕಳೆದ ಮೇಲೆ ನಡುಮಧ್ಯಾಹ್ನ ಬೀಳು ಹೊಲದಲ್ಲಿ ತರಗೆಲೆ ಎತ್ತಿಕೊಂಡು ಸುತ್ತುವ ಸಣ್ಣ ಸುಂಟರಗಾಳಿಗೆ ನಿಮ್ಮೂರಿನಲ್ಲಿ ಬೇರೆ ಹೆಸರಿದ್ದರೆ ತಿಳಿಸಿ. ಗುಬ್ಬಿ, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಕಡೆಯವರು ಮುಖ್ಯವಾಗಿ. ಅದು ಎದುರಾದಾಗ ಮಕ್ಕಳಿಗೆ ಏನು ಮಾಡಲು ಹೇಳುತ್ತಿದ್ದರು ಎಂಬುದನ್ನೂ ಜೊತೆಗೆ ಬರೆಯಿರಿ.