ಜೋಳದ ಎಳೆಪೈರಿನಲ್ಲಿ ಫ್ಲೇವನಾಯ್ಡುಗಳ ಸಂಚಯ: ಒಂದು ಚಾರಿತ್ರಿಕ ವಿಚಾರ

ಸುಣ್ಣಕಲ್ಲಿನ ಹಾಸುಗಳ ಮೇಲೆ ಎರೆಮಣ್ಣು ಹರಡಿದ ಕುರಕುಂಟಾ, ಸೇಡಂ, ಚಿತ್ತಾಪುರಗಳ ಸೀಮೆಯಲ್ಲಿ ಜೋಳವನ್ನು ಬಿತ್ತಿ ಬೆಳೆವ ಒಕ್ಕಲಿಗನು ಎಳೆಪೈರಿನ ವಿಷಯದಲ್ಲಿ ಎರಡು ಸಂಗತಿಗಳನ್ನು ಬಲ್ಲನು: ಹುಳುವೋ ಬೂಷ್ಟೋ ತಗುಲಿದೆಡೆಯಲ್ಲಿ ಎಲೆಯು ಕೆಂಪೇರುವುದೆಂಬುದು ಒಂದು, ಮಳೆ ಕೈಕೊಟ್ಟು ಕುಗ್ಗಿದ ಎಳೆಯ ಹೊಲಕ್ಕೆ ದನಗಳನ್ನು ಬಿಡಬಾರದೆಂಬುದು ಇನ್ನೊಂದು. ವಿಜ್ಞಾನವು ಮೊದಲು ಕೈಗೆತ್ತಿಕೊಂಡುದು ಎರಡನೆಯದನ್ನು. 1902ರಲ್ಲಿ ಡನ್‌ಸ್ಟನ್ ಮತ್ತು ಹೆನ್ರಿ ಎಂಬ ಆಂಗ್ಲ ರಸಾಯನಜ್ಞರು ಜೋಳದ ಎಳೆಸಸಿಯಿಂದ ಡರಿನ್ ಎಂಬ ವಸ್ತುವನ್ನು ಬೇರ್ಪಡಿಸಿ, ಸಸಿಯನ್ನು ಅಗಿದಾಗ ಅದು ಒಡೆದು ಸಯನೈಡನ್ನು ಬಿಡುವುದೆಂದು ತೋರಿಸಿದರು.

ಕೆಂಪಿನ ಕಥೆಯು ಬಹಳ ತಡವಾಗಿ ಬಿಚ್ಚಿಕೊಂಡಿತು. ಅದರ ಕೀಲಿಕೈ ದೊರೆತುದು ಜೋಳದಲ್ಲಲ್ಲ, ಜವೆಗೋಧಿಯಲ್ಲಿ. 1961ರಲ್ಲಿ ಕ್ಯಾಲಿಫೋರ್ನಿಯದ ಕೂಕಲ್ ಮತ್ತು ಎರಿಕ್ ಕಾನ್ ಅವರು ಆ ಸಸ್ಯದಿಂದ, ಫಿನೈಲಲನಿನ್ ಎಂಬ ಅಮೈನೋ ಆಮ್ಲದ ಸಾರಜನಕವನ್ನು ಕಳಚಿ ಸಿನ್ನಮಿಕ್ ಆಮ್ಲವನ್ನಾಗಿಸುವ ಕಿಣ್ವವನ್ನು ಶೋಧಿಸಿದರು. ಈ ಕೆಂಪಿಗೆ ಕಾರಣವಾದ ಫ್ಲೇವನಾಯ್ಡುಗಳೆಂಬ ಸಸ್ಯದ್ರವ್ಯಗಳು ಹುಟ್ಟುವ ದಾರಿಯು ತೊಡಗುವುದೇ ಅಲ್ಲಿಂದ. ಮರುವರ್ಷವೇ ಕಾನ್ ಅವರ ಬಳಗವು ಡರಿನ್ನಿನ ಉತ್ಪತ್ತಿಯನ್ನು ಪ್ರಕಟಿಸಿತು. ಅದು ಹುಟ್ಟುವುದು ಫಿನೈಲಲನಿನ್ನಿನ ಸೋದರನಾದ ಟೈರೊಸಿನ್ನಿನಿಂದ. ವಿಷಕ್ಕೂ ವರ್ಣಕ್ಕೂ ಹೀಗೆ ಮೂಲವು ಒಂದೇ ವಂಶ! 1965ರಲ್ಲಿ ಅಮೆರಿಕದ ಹೆಲೆನ್ ಸ್ಟಾಫರ್ಡ್ ಅವರು ಕತ್ತಲಲ್ಲಿಯೂ ಬೆಳಕಿನಲ್ಲಿಯೂ ಬೆಳೆಸಿದ ಜೋಳದ ಮೊಳಕೆಯ ಮೊದಲ ಗೆಣ್ಣಂತರದ ವರ್ಣದ್ರವ್ಯಗಳನ್ನು ಹೋಲಿಸಿ ನೋಡಿದರು. 1972ರಲ್ಲಿ ಜರ್ಮನಿಯ ಕ್ರಾಯ್ಟ್ಸಲರ್ ಮತ್ತು ಹಾಲ್ಬ್ರಾಕ್ ಅವರು ಫ್ಲೇವನಾಯ್ಡಿನ ಅಸ್ಥಿಪಂಜರವನ್ನು ಜೋಡಿಸುವ ಕಿಣ್ವದ ಕಾರ್ಯವನ್ನು ಕೊತ್ತಂಬರಿಯ ಸಂಬಂಧಿಯಾದ ಪಾರ್ಸ್ಲಿಯಲ್ಲಿ ತೋರಿಸಿದರು.

ಆದರೆ ನನ್ನ ಮತದಲ್ಲಿ ಈ ಚರಿತ್ರೆಯ ಅತ್ಯಂತ ಸ್ವಾರಸ್ಯವಾದ ಅಧ್ಯಾಯವು 1990ರದು. ಪರ್ಡ್ಯೂ ವಿಶ್ವವಿದ್ಯಾಲಯದ ನಿಕಲ್ಸನ್ ಮತ್ತು ಸಂಗಡಿಗರು ಎಳೆಯ ಜೋಳದೆಲೆಗೆ ಕೊಲೆಟೋಟ್ರೈಕಮ್ ಶಿಲೀಂಧ್ರವನ್ನು ಸೋಂಕಿಸಿ ಸೂಕ್ಷ್ಮದರ್ಶಕದಲ್ಲಿ ಕಂಡುದೇನೆಂದರೆ, ಆಕ್ರಮಣಕ್ಕೀಡಾದ ಜೀವಕೋಶದಲ್ಲಿ ಕಿರುಗುಳಿಗೆಗಳು ಮೂಡಿ, ಶತ್ರುವು ನುಗ್ಗುವೆಡೆಗೆ ಸರಿದು, ಕೆಂಪೇರಿ, ಕೊನೆಗೆ ಒಡೆದು ತಮ್ಮ ದ್ರವ್ಯವನ್ನು ಸುರಿಯುವುವು. ಶಿಲೀಂಧ್ರವೂ ಅಳಿಯುವುದು, ಕೋಶವೂ ಅಳಿಯುವುದು. ಆ ದ್ರವ್ಯದಲ್ಲಿದ್ದುದು ಎಪಿಜೆನಿನಿಡಿನ್, ಲೂಟಿಯೋಲಿನಿಡಿನ್ ಮೊದಲಾದ ಫ್ಲೇವನಾಯ್ಡುಗಳು. ಒಕ್ಕಲಿಗನು ತಲೆಮಾರುಗಳಿಂದ ಕಂಡ ಕೆಂಪುಮಚ್ಚೆಯು ರೋಗದ ಗುರುತಷ್ಟೇ ಅಲ್ಲ, ಸಸಿಯ ಪ್ರತಿಭಟನೆಯ ಗುರುತೂ ಹೌದು.

ಜವೆಗೋಧಿಯ ನಡೆಯು ಬೇರೆ. ಅದರ ಎಳೆಯೆಲೆಯು ಶತ್ರುವಿಗಾಗಿ ಕಾಯದೆ ಸಪೋನರಿನ್ ಎಂಬ ಫ್ಲೇವನಾಯ್ಡನ್ನು ಮೊದಲೇ ಸಂಚಯಿಸಿ, ಅತಿನೇರಳೆ ಕಿರಣಗಳಿಗೆ ತೆರೆಯಾಗಿಸಿಕೊಳ್ಳುವುದು. ಇಂತಹ ಎಳೆಪೈರಿನ ಪುಡಿಗಳನ್ನು ಆರೋಗ್ಯಕರವೆಂದು ಮಾರುವ ವಾಡಿಕೆಯು ಈಗ ಬಲವಾಗಿದೆ. ಗಾಜಿನ ನಳಿಕೆಯಲ್ಲಿ ಕಂಡ ಗುಣವೆಲ್ಲ ಮನುಷ್ಯದೇಹದಲ್ಲಿಯೂ ಸಿದ್ಧಿಸುವುದೆಂದು ನಂಬಲು ನಾನು ಸಿದ್ಧನಿಲ್ಲ. ಅದರಲ್ಲಿಯೂ ಜವೆಗೋಧಿಯ ಮಾತನ್ನು ಜೋಳಕ್ಕೆ ಅನ್ವಯಿಸುವುದಂತೂ ಅಪಾಯಕರ. ಒಣಗಿದ ಕಾಳಿನಲ್ಲಿ ಇಲ್ಲವೆಂಬಷ್ಟು ಕಡಿಮೆಯಿರುವ ಡರಿನ್ ಮೊಳಕೆಯೊಡನೆಯೇ ಏರುವುದರಿಂದ, ಮೊಳೆಸಿದ ಜೋಳವನ್ನು ಹಿಟ್ಟು ಮಾಡುವವರು ಚಿಗುರನ್ನೂ ಬೇರನ್ನೂ ಉಜ್ಜಿ ತೆಗೆಯತಕ್ಕುದು. ಅದರ ಹಸಿಮೊಳಕೆಯನ್ನು ಹೆಸರುಕಾಳಿನ ಮೊಳಕೆಯಂತೆ ಯಾರೂ ತಿನ್ನಬಾರದು.