ಆಯ್ಕೆಯಿಲ್ಲದ ತಟ್ಟೆ: ಮಲೆನಾಡಿನ ವಿದ್ಯಾರ್ಥಿಯ ಆಹಾರವೂ ದೇಹಭಾರವೂ

ನರಸಿಂಹರಾಜಪುರದ ಕಡೆಯ ಶೆಟ್ಟಿಕೊಪ್ಪದಂಥ ಊರಿನಿಂದ ಪದವಿಯ ವ್ಯಾಸಂಗಕ್ಕಾಗಿ ಕೊಪ್ಪಕ್ಕೋ ಶೃಂಗೇರಿಗೋ ಶಿವಮೊಗ್ಗಕ್ಕೋ ಹೋಗಿ ಹಾಸ್ಟೆಲು ಸೇರುವ ತರುಣನು, ಮನೆಯಲ್ಲಿದ್ದಾಗ ತೋಟದ ಇಳಿಜಾರನ್ನು ಹತ್ತಿಳಿದು, ಸೊಪ್ಪು ಸೌದೆಗಳನ್ನು ಹೊತ್ತು ವ್ಯಯಿಸುತ್ತಿದ್ದ ಶಕ್ತಿಗೆ ಅಲ್ಲಿ ವ್ಯಯದ ಮಾರ್ಗವೇ ಇಲ್ಲದೆ, ಉಣ್ಣುವ ಅನ್ನ ಮಾತ್ರ ಮೊದಲಿನಷ್ಟೇ ಉಳಿದು, ಎರಡು ವರ್ಷ ತುಂಬುವುದರೊಳಗಾಗಿ ಹಳೆಯ ಅಂಗಿಯ ಗುಂಡಿ ಹಾಕಲಾರದವನಾಗುವುದು ಅಪೂರ್ವವೇನಲ್ಲ. ತೂಕ ಇಳಿಸಬೇಕೆಂದು ಅವನು ಸಂಕಲ್ಪಿಸಿದಾಗ ದೊರೆಯುವ ಉಪದೇಶಗಳೋ, ಓಟ್ಸು, ಬಾದಾಮಿ, ಬಗೆಬಗೆಯ ಹಣ್ಣು ಎಂದು ಮುಂತಾಗಿ, ಅಡುಗೆಮನೆಯೂ ಹಣದ ಚೀಲವೂ ಸ್ವಾಧೀನದಲ್ಲಿರುವವರನ್ನು ಕುರಿತು ಹೇಳಿದಂಥವು. ಪದಾರ್ಥವನ್ನು ಆರಿಸಲಾರದವನಿಗೂ ಪ್ರಮಾಣವನ್ನೂ ಕ್ರಮವನ್ನೂ ಆರಿಸುವ ಸ್ವಾತಂತ್ರ್ಯ ಉಳಿದಿರುತ್ತದೆಯೆಂಬುದನ್ನೂ, ಆ ಸ್ವಲ್ಪ ಸ್ವಾತಂತ್ರ್ಯವೇ ಈ ಕಾರ್ಯಕ್ಕೆ ಬಹುಮಟ್ಟಿಗೆ ಸಾಕೆಂಬುದನ್ನೂ ನಿರೂಪಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವಿದ್ಯಾರ್ಥಿಯು ಪರಾನ್ನದ ಮೇಲೆ ಬಾಳುವುದು ಕನ್ನಡನಾಡಿಗೆ ಹೊಸದಲ್ಲ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಮೈಸೂರು, ಬೆಂಗಳೂರುಗಳಿಗೆ ಓದಲು ಬಂದ ಬಡ ಹುಡುಗರು ವಾರದ ಏಳು ದಿನಕ್ಕೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು ಉಣ್ಣುತ್ತಿದ್ದ ವಾರಾನ್ನದ ಪದ್ಧತಿಯಲ್ಲಿ, ಬಡಿಸಿದ್ದನ್ನು ಉಣ್ಣುವುದೇ ಧರ್ಮವಾಗಿದ್ದಿತು. ಇನ್ನಷ್ಟು ಬೇಕೆಂದು ಕೇಳುವ ಧೈರ್ಯ ಎಲ್ಲರಿಗೂ ಇರುತ್ತಿರಲಿಲ್ಲ. ಕಾಲಾಂತರದಲ್ಲಿ ಜಾತಿ ಸಮುದಾಯಗಳ ಉಚಿತ ವಿದ್ಯಾರ್ಥಿನಿಲಯಗಳೂ, ಅನಂತರ ಸಮಾಜ ಕಲ್ಯಾಣ ಹಾಗೂ ಹಿಂದುಳಿದ ವರ್ಗಗಳ ಇಲಾಖೆಗಳ ನಿಲಯಗಳೂ ಹಬ್ಬಿ, ಹಸಿವಿನ ಭಯವನ್ನು ಬಹಳಮಟ್ಟಿಗೆ ನೀಗಿದುವು. ಆದರೆ ಕೊರತೆಯು ಅಳಿಯದೆ ಸ್ಥಾನಾಂತರ ಹೊಂದಿತೆನ್ನಬೇಕು: ವಾರಾನ್ನದ ಹುಡುಗನಿಗೆ ಅನ್ನವೇ ಮಿತ, ಇಂದಿನವನಿಗೆ ಅನ್ನವೊಂದೇ ಅಮಿತ.

ಈ ಮಾತನ್ನು ತಟ್ಟೆಯ ಬಳಿ ನಿಂತು ನೋಡಬೇಕು. ಸಾಮಾನ್ಯ ಮೆಸ್ಸಿನಲ್ಲಿ ಅನ್ನದ ಪಾತ್ರೆ ತೆರೆದಿರುತ್ತದೆ, ಯಾರು ಎಷ್ಟು ಸಲ ಹಾಕಿಸಿಕೊಂಡರೂ ಆಕ್ಷೇಪವಿಲ್ಲ. ಪಲ್ಯ ಒಂದು ಸೌಟು, ಮೊಟ್ಟೆಯಾದರೆ ವಾರಕ್ಕೆ ಇಷ್ಟೆಂದು ಲೆಕ್ಕ. ಸಾರಿನಲ್ಲಿ ಬೇಳೆ ತಳಕ್ಕಿಳಿದಿರುವುದರಿಂದ, ಸೌಟು ಮೇಲುಮೇಲಕ್ಕೆ ಆಡಿದರೆ ತಟ್ಟೆಗೆ ಬೀಳುವುದು ಹುಳಿ ಖಾರದ ತಿಳಿನೀರು. ಅಗ್ಗದ ಪಿಷ್ಟಕ್ಕೆ ಮಿತಿಯಿಲ್ಲ, ದುಬಾರಿಯಾದ ಪ್ರೋಟೀನಿಗೆ ಮಿತಿಯುಂಟು; ಹೊಟ್ಟೆ ತುಂಬಿಸಿಕೊಳ್ಳಲು ಉಳಿಯುವ ದಾರಿ ಅನ್ನವೊಂದೇ. ಹೀಗೆ ಬಡತನವೂ ಸ್ಥೂಲತೆಯೂ ಒಂದೇ ಪಂಕ್ತಿಯಲ್ಲಿ ಕುಳಿತುಣ್ಣುವ ವೈಚಿತ್ರ್ಯವು ಸಂಭವಿಸುತ್ತದೆ.

ಪ್ರಾಚೀನರು ಈ ವಿಷಯವನ್ನು ಉಪೇಕ್ಷಿಸಿದವರಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯವು ಅತಿಸ್ಥೂಲ, ಅತಿಕೃಶರಿಬ್ಬರನ್ನೂ ವಿವೇಚಿಸಿ, ಸ್ಥೂಲನಿಗೆ ಜೀರ್ಣಿಸಲು ಗುರುವಾಗಿಯೂ ಪೋಷಣೆಯಲ್ಲಿ ಲಘುವಾಗಿಯೂ ಇರುವ ಆಹಾರವನ್ನು ವಿಧಿಸುತ್ತದೆ. ಜವೆ, ಸಾಮೆ, ಹಾರಕ, ಹೆಸರು, ಹುರುಳಿಗಳು ಆ ಪಟ್ಟಿಯಲ್ಲಿ ಬರುತ್ತವೆ. ಉದರದ ಎರಡು ಭಾಗವನ್ನು ಘನಾಹಾರದಿಂದಲೂ ಒಂದು ಭಾಗವನ್ನು ದ್ರವದಿಂದಲೂ ತುಂಬಿ, ನಾಲ್ಕನೆಯದನ್ನು ವಾಯುವಿಗೆ ಬಿಡಬೇಕೆಂದು ವಾಗ್ಭಟನ ಮತ. ಇಂದಿನ ಪರಿಭಾಷೆಯಲ್ಲಿ ಹೇಳುವುದಾದರೆ, ನಾರೂ ಪ್ರೋಟೀನೂ ಅಧಿಕವಾಗಿದ್ದು ಶಕ್ತಿಸಾಂದ್ರತೆ ಕಡಿಮೆಯಾದ ಊಟವು ಅಲ್ಪ ಶಕ್ತಿಯಲ್ಲಿಯೇ ತೃಪ್ತಿಯನ್ನು ಕೊಡುತ್ತದೆ.

ಮೊದಲು ಇಳಿಸುವ ಅಗತ್ಯವುಂಟೆ ಎಂಬುದನ್ನು ಅಳೆಯಬೇಕು. ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಬಿ.ಎಂ.ಐ. ಸಂಖ್ಯೆಯು 23ನ್ನು ಮುಟ್ಟಿದರೆ ಅಧಿಕ ತೂಕವೆಂದೂ 25ನ್ನು ಮುಟ್ಟಿದರೆ ಬೊಜ್ಜೆಂದೂ ಭಾರತೀಯರಿಗಾಗಿ 2009ರಲ್ಲಿ ಪ್ರಕಟವಾದ ತಜ್ಞರ ಒಮ್ಮತವು ಹೇಳುತ್ತದೆ. 165 ಸೆಂಟಿಮೀಟರ್ ಎತ್ತರದವನು 70 ಕಿಲೋ ತೂಗಿದರೆ ಸಂಖ್ಯೆ 25.7, 62 ಕಿಲೋಗೆ ಬಂದರೆ 22.8.

ಇನ್ನು ಉಪಾಯ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕಿಲೋಕ್ಯಾಲೊರಿ ಶಕ್ತಿಯೂ ಏಳೆಂಟು ಗ್ರಾಂ ಪ್ರೋಟೀನೂ ಇರುತ್ತವೆ. ಎರಡು ಊಟಗಳಿಂದ ಐವತ್ತೈವತ್ತು ಗ್ರಾಂ ಅಕ್ಕಿಯಷ್ಟು ಅನ್ನವನ್ನು ಬಿಟ್ಟು, ಅದಕ್ಕೆ ಪ್ರತಿಯಾಗಿ ಊರಿನಿಂದ ತಂದ ಮೂವತ್ತು ಗ್ರಾಂ ಹುರುಳಿಯನ್ನು ರಾತ್ರಿ ನೆನೆಹಾಕಿ ಮೊಳಕೆ ಬರಿಸಿ ಮೆಸ್ಸಿನವರಿಂದ ಬೇಯಿಸಿಕೊಂಡು ತಿಂದರೆ, ದೊರೆಯುವ ಪ್ರೋಟೀನು ಹೆಚ್ಚುಕಡಿಮೆ ಅಷ್ಟೇ, ಶಕ್ತಿ ಮಾತ್ರ ನೂರರ ಆಸುಪಾಸು. ಅಂದರೆ ದಿನಕ್ಕೆ 250 ಕಿಲೋಕ್ಯಾಲೊರಿ ಉಳಿತಾಯ. ಒಂದು ಕಿಲೋ ಮೇದಸ್ಸಿಗೆ ಸುಮಾರು 7,700 ಕಿಲೋಕ್ಯಾಲೊರಿ ಎಂಬ ಗಣಿತವನ್ನು ಹಿಡಿದರೆ ತಿಂಗಳಿಗೊಂದು ಕಿಲೋ ಇಳಿಯಬೇಕು. ದೇಹವು ಕೊರತೆಗೆ ಹೊಂದಿಕೊಳ್ಳುವುದರಿಂದ ಕಾಲಕ್ರಮದಲ್ಲಿ ವೇಗ ತಗ್ಗುತ್ತದೆ. ಬಸ್‌ಸ್ಟ್ಯಾಂಡಿನ ಬನ್ಸು ಗೋಳಿಬಜೆಗಳನ್ನೂ, ಎರಡೆರಡು ಚಮಚೆ ಸಕ್ಕರೆಯ ನಾಲ್ಕು ಲೋಟ ಚಹಾವನ್ನೂ ಈ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು. ಆ ಸಕ್ಕರೆಯೊಂದೇ 160 ಕಿಲೋಕ್ಯಾಲೊರಿಯಷ್ಟಾಗುತ್ತದೆ.

ಕ್ರಮದ ವಿಷಯದಲ್ಲಿ ನಮ್ಮ ಬಾಳೆಲೆಯೇ ಗುರು. ಅಲ್ಲಿ ಅನ್ನಕ್ಕೆ ಮುಂಚೆ ನೆನೆದ ಹೆಸರುಬೇಳೆಯ ಕೋಸಂಬರಿಯೂ ಪಲ್ಯವೂ ಬೀಳುತ್ತವೆ. ತಟ್ಟೆಯಲ್ಲೂ ಪಲ್ಯ, ಬೇಳೆಗಳನ್ನು ಮೊದಲು ತಿಂದು ಅನ್ನವನ್ನು ಕೊನೆಗಿಟ್ಟುಕೊಂಡರೆ ರಕ್ತದ ಸಕ್ಕರೆ ನಿಧಾನವಾಗಿ ಏರುತ್ತದೆ, ಎರಡನೆಯ ಸಲದ ಆಸೆಯೂ ಕುಂದುತ್ತದೆ. ವಾರಾಂತ್ಯಕ್ಕೆ ಊರಿಗೆ ಬರುವವನಿಗೆ ಮಲೆನಾಡು ಇನ್ನೂ ಉದಾರಿ: ಒಂದೆಲಗದ ತಂಬುಳಿ, ಮಳೆಗಾಲದ ಕಳಲೆ, ಬಸಳೆ, ನೀರುಮಜ್ಜಿಗೆ, ಮರಳುವಾಗ ಚೀಲದಲ್ಲೊಂದು ಸೇರು ಹುರುಳಿ. ಆದರೆ ಹಬ್ಬದ ಕಡುಬೂ ಅಕ್ಕಿರೊಟ್ಟಿಯೂ ಅಕ್ಕಿಯವೇ ಎಂಬುದನ್ನು ಮರೆಯಲಾಗದು. ಆಷಾಢದ ಮಳೆಯಲ್ಲಿ ಹೊರಗೆ ನಡೆಯಲಾಗದಿದ್ದರೆ ಮೆಟ್ಟಿಲು ಹತ್ತುವುದಕ್ಕೂ ಬಸ್ಕಿ ಹೊಡೆಯುವುದಕ್ಕೂ ಛತ್ರಿ ಬೇಕಿಲ್ಲ.

ಆತುರಗಾರರಿಗೆ ಒಂದು ಎಚ್ಚರಿಕೆ ಅವಶ್ಯ. 1944–45ರಲ್ಲಿ ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ಶರೀರವಿಜ್ಞಾನಿಯು ಆರೋಗ್ಯವಂತರಾದ 36 ಮಂದಿ ತರುಣ ಸ್ವಯಂಸೇವಕರಿಗೆ ಇಪ್ಪತ್ತನಾಲ್ಕು ವಾರ ಆಲೂಗಡ್ಡೆ, ಟರ್ನಿಪ್, ಬ್ರೆಡ್ಡುಗಳೇ ಮುಖ್ಯವಾದ ಅರೆಹೊಟ್ಟೆಯ ಆಹಾರವನ್ನು ಕೊಟ್ಟು ಪರೀಕ್ಷಿಸಿದಾಗ, ತೂಕ ಸುಮಾರು ನಾಲ್ಕನೆಯ ಒಂದು ಭಾಗ ಇಳಿದುದು ನಿಜ. ಅದರೊಡನೆ ನಿರುತ್ಸಾಹ, ಸಿಡುಕು, ಸದಾ ಚಳಿ, ಹಗಲಿರುಳೂ ಊಟದ್ದೇ ಧ್ಯಾನ ಅವರನ್ನು ಆವರಿಸಿದುವು. ಬೆಳಗಿನ ತಿಂಡಿ ಬಿಟ್ಟು ಪಾಠದಲ್ಲಿ ತೂಕಡಿಸುವ ವಿದ್ಯಾರ್ಥಿಯು ಆ ಪ್ರಯೋಗವನ್ನೇ ಸಣ್ಣ ಪ್ರಮಾಣದಲ್ಲಿ ತನ್ನ ಮೇಲೆ ನಡೆಸಿಕೊಳ್ಳುತ್ತಿರುವನು. ರಕ್ತಹೀನತೆ ವ್ಯಾಪಕವಾಗಿರುವ ನಮ್ಮ ಹೆಣ್ಣುಮಕ್ಕಳಿಗಂತೂ ಉಪವಾಸವು ಇನ್ನೂ ಅಪಾಯಕರ.

ಆಯ್ಕೆಯ ಕೊರತೆಯು ಆಯ್ಕೆಯ ಅಭಾವವಲ್ಲವೆಂಬುದು ಇಷ್ಟರಿಂದ ವ್ಯಕ್ತವಾಯಿತು. ಬೇಳೆಗೂ ಪಲ್ಯಕ್ಕೂ ಇರುವ ಲೆಕ್ಕವನ್ನು ಸಡಿಲಿಸುವುದು ನಿಲಯಗಳ ಆಡಳಿತದ ಹೊಣೆ, ಅದು ನೆರವೇರುವವರೆಗೆ, ಪಂಕ್ತಿಯಲ್ಲಿ ತನ್ನ ಸರದಿ ಬಂದಾಗ ತಟ್ಟೆಯನ್ನು ಮುಂದೊಡ್ಡಿ, "ಅಣ್ಣಾ, ಅನ್ನ ಸಾಕು, ಸೌಟನ್ನು ತಳಕ್ಕೆ ಬಿಟ್ಟು ಬೇಳೆ ಹಾಕಿ" ಎಂದು ಸಂಕೋಚವಿಲ್ಲದೆ ಕೇಳುವುದು ವಿದ್ಯಾರ್ಥಿಗೆ ಸೇರಿದುದು.